ಅಮ್ಮನನ್ನು ಕರೆದುಕೊಂಡು ಹೋಗುವಾಗ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಕಳೆದ ಸಭೆಯ ಕೊನೆಗೆ, ಎಲ್ಲರೂ ಚಾ ಕುಡಿಯಲು ಏಳುತ್ತಿದ್ದಾಗ, ಒಬ್ಬ ಸದಸ್ಯೆ ನಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಸಿಸ್ಟರ್, ಅಮ್ಮನನ್ನು ಕರೆದುಕೊಂಡು ಬಾ ಅಂತ ಅಣ್ಣ ದುಬಾಯಿಯಿಂದ ಫೋನ್ ಮೇಲೆ ಫೋನ್ ಮಾಡ್ತಿದ್ದಾನೆ. ಅಪ್ಪ ತೀರಿಕೊಂಡು ಎಂಟು ತಿಂಗಳು ಆಯಿತಷ್ಟೆ. ಅಮ್ಮ ಹೌದು ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ನಾನು ಎಂತ ಮಾಡಬೇಕು?"

ನಾವು ಅವರಿಗೆ ಆ ದಿನ ಪೂರ್ತಿ ಉತ್ತರ ಕೊಡಲಿಲ್ಲ. ಇದು ಒಬ್ಬರ ಪ್ರಶ್ನೆ ಅಲ್ಲ ಎಂದು ಅನ್ನಿಸಿತು. ನಮ್ಮ ಕರಾವಳಿಯಲ್ಲಿ ಮಕ್ಕಳು ಗಲ್ಫ್ ದೇಶಗಳಲ್ಲಿ ಇರುವ ಮನೆಗಳು ಎಷ್ಟೋ. ಇಲ್ಲಿ ಕುಳಿತವರಲ್ಲಿ ಕೆಲವರು ಅಮ್ಮನನ್ನು ಕರೆದುಕೊಂಡು ಹೋಗುವ ಮಗಳಂದಿರು. ಕೆಲವರು ಗಂಡನನ್ನು ಕಳೆದುಕೊಂಡವರು, ಮಕ್ಕಳು ಕರೆಯುವುದನ್ನು ಕಾಯುವವರು ಅಥವಾ ಕರೆದಾಗ ಹೆದರುವವರು. ಇಬ್ಬರಿಗೂ ಇವತ್ತಿನ ಮಾತು.

ಮೊದಲು ಒಂದು ಶಬ್ದದ ಬಗ್ಗೆ ಹೇಳುತ್ತೇವೆ. ಪೆಟ್ಟಿಗೆಯನ್ನು ನಾವು ತೆಗೆದುಕೊಂಡು ಹೋಗುತ್ತೇವೆ. ಮನುಷ್ಯರನ್ನು ಕರೆದುಕೊಂಡು ಹೋಗುತ್ತೇವೆ. ಕರೆಯಬೇಕು, ಅವರು ಬರುತ್ತೇನೆ ಅನ್ನಬೇಕು, ಆಮೇಲೆ ಹೋಗುವುದು. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಎಲ್ಲ ಸರಿಯಾಗಿದ್ದೂ ಈ ಕರೆಯುವ ಕೆಲಸ ಒಂದನ್ನು ನಾವು ಎಷ್ಟೋ ಸಲ ಮರೆತುಬಿಡುತ್ತೇವೆ. ನಾವೂ ಮರೆತಿದ್ದೆವು. ಆ ಕಥೆಯಿಂದಲೇ ಶುರು ಮಾಡುವಾ.

ನಾವು ಮಾಡಿದ ತಪ್ಪು

ನಮ್ಮ ತಂದೆ 1979ರಿಂದ 1998ರವರೆಗೆ ದುಬಾಯಿಯಲ್ಲಿ ಕೆಲಸ ಮಾಡಿದವರು. ಒಂದು ಕಂಪೆನಿಯ ಸ್ಟೋರಿನಲ್ಲಿ ಲೆಕ್ಕ ಬರೆಯುವ ಕೆಲಸ. ಆಗ ಮಂಗಳೂರಿನಿಂದ ನೇರ ವಿಮಾನ ಇರಲಿಲ್ಲ. ಬಜ್ಪೆಯಿಂದ ದುಬಾಯಿಗೆ ವಿಮಾನ ಹಾರಲು ಶುರುವಾದದ್ದು 2006ರಲ್ಲಿ. ಅಪ್ಪ ಬೊಂಬಾಯಿಗೆ ಹೋಗಿ ಅಲ್ಲಿಂದ ಹೋಗುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಉಳಿದಂತೆ ಕಾಗದ, ಯಾರಾದರೂ ಬರುವಾಗ ಒಂದು ಕ್ಯಾಸೆಟ್, ಒಂದು ಸೀರೆ. ಮನೆ, ತೋಟ, ನಾವು ಮಕ್ಕಳು, ಅಜ್ಜ ಅಜ್ಜಿಯ ಕಾಯಿಲೆ ಎಲ್ಲ ಅಮ್ಮನ ತಲೆ ಮೇಲೆ.

ಅಪ್ಪ 2017ರಲ್ಲಿ ತೀರಿಕೊಂಡರು. ಅಮ್ಮ ಮಾತು ಕಡಿಮೆ ಮಾಡಿದರು. ಎರಡು ಹೊತ್ತಿನ ಊಟ ಒಂದು ಹೊತ್ತಾಯಿತು. ನಮ್ಮ ತಮ್ಮ ಈಗ ದುಬಾಯಿಯಲ್ಲೇ ಇದ್ದಾನೆ. ಅವನೇ ಹೇಳಿದ, "ಅಮ್ಮನಿಗೆ ಒಂದು ಚೇಂಜ್ ಆಗಲಿ, ಕರ್ಕೊಂಡು ಬನ್ನಿ" ಅಂತ. ಕಾನ್ವೆಂಟಿನ ಹಿರಿಯರ ಅನುಮತಿ ಪಡೆದು 2019ರ ಜನವರಿಯಲ್ಲಿ ನಾವು ಅಮ್ಮನನ್ನು ಕರೆದುಕೊಂಡು ಹೋದೆವು. ಅಮ್ಮನಿಗೆ ಆಗ 74 ವರ್ಷ. ಅದೇ ಮೊದಲ ವಿಮಾನ.

ಸಮಾಜಸೇವೆಯಲ್ಲಿ ಎಂ.ಎ. ಮಾಡಿದವರು ನಾವು. ಊರಿನ ಹೆಂಗಸರ ಕಷ್ಟ ಕೇಳುವುದೇ ನಮ್ಮ ಕೆಲಸ. ಆದರೆ ಸ್ವಂತ ಅಮ್ಮನ ವಿಷಯದಲ್ಲಿ ಎಂತ ಮಾಡಿದೆವು ಗೊತ್ತುಂಟಾ? ತಮ್ಮನೂ ನಾವೂ ಫೋನಿನಲ್ಲೇ ಹತ್ತು ದಿನದ ಪಟ್ಟಿ ಹಾಕಿದೆವು. ಮೊದಲ ದಿನ ಬುರ್ಜ್ ಖಲೀಫಾ, 828 ಮೀಟರ್ ಎತ್ತರ, ಲೋಕದಲ್ಲೇ ಎತ್ತರದ ಕಟ್ಟಡ. ಎರಡನೇ ದಿನ ಮಾಲ್. ಮೂರನೇ ದಿನ ಮರಳುಗಾಡು. ಅಮ್ಮ ಎಲ್ಲಕ್ಕೂ ತಲೆಯಾಡಿಸಿದರು, ನಡೆದರು, ಫೋಟೋಕ್ಕೆ ನಿಂತರು. ರಾತ್ರಿ ಕಾಲು ಊದಿರುತ್ತಿತ್ತು. ನಾಲ್ಕನೇ ದಿನ ಬೆಳಿಗ್ಗೆ ಮಂಚದಿಂದ ಏಳಲಿಲ್ಲ. ಜ್ವರ ಇರಬಹುದಾ ಎಂದು ನಾವು ಹಣೆ ಮುಟ್ಟಿದೆವು. ಜ್ವರ ಇರಲಿಲ್ಲ.

"ಎಲ್ಲಿಗೆ ಬೇಕಾದರೂ ಎಳ್ಕೊಂಡು ಹೋಗ್ತೀರಿ. ನಿನಗೆ ಎಂತ ನೋಡಬೇಕು ಅಂತ ಒಬ್ಬರಾದರೂ ಕೇಳಿದ್ರಾ?" ಎಂದು ಅಮ್ಮ ಹೇಳಿದರು.

ನಮಗೆ ಮಾತು ಹೊರಡಲಿಲ್ಲ. ಕೊನೆಗೆ ತಮ್ಮ ಕೇಳಿದ. ಅಮ್ಮ ಹೇಳಿದ್ದು ಇಷ್ಟು: "ನಿಮ್ಮ ಅಪ್ಪ ಹತ್ತೊಂಬತ್ತು ವರ್ಷ ಇಲ್ಲಿದ್ದರು. ರಜೆಯಲ್ಲಿ ಬಂದದ್ದು ಒಂಬತ್ತು ಸಲ. ಒಂದೊಂದು ಸಲ ಎರಡು ತಿಂಗಳು. ಒಟ್ಟು ಹದಿನೆಂಟು ತಿಂಗಳು ನನ್ನ ಜೊತೆ. ಉಳಿದ ದಿನ ಎಲ್ಲಿ ಮಲಗಿದ್ರು, ಎಲ್ಲಿ ಉಂಡ್ರು ಅಂತ ನನಗೆ ಗೊತ್ತಿಲ್ಲ. ಅದನ್ನು ನೋಡುವಾ ಅಂತ ಬಂದದ್ದು ನಾನು."

ಆದರೆ ನಮಗೂ ಆ ಜಾಗ ಗೊತ್ತಿರಲಿಲ್ಲ. ಅಲ್ಲಿ ಪೋಸ್ಟ್‌ಮ್ಯಾನ್ ಮನೆ ಮನೆಗೆ ಬರುವ ಪದ್ಧತಿ ಇಲ್ಲ, ಪೋಸ್ಟ್ ಬಾಕ್ಸಿಗೆ ಕಾಗದ ಬರುವುದು. ಅಮ್ಮ ಹತ್ತೊಂಬತ್ತು ವರ್ಷ ಬರೆದದ್ದು ಆ ಬಾಕ್ಸ್ ನಂಬರಿಗೆ. ತಮ್ಮ ಊರಿಗೆ ಫೋನ್ ಹಾಕಿ, ಅಪ್ಪನ ಜೊತೆ ರೂಮಿನಲ್ಲಿದ್ದ ಒಬ್ಬ ಹಿರಿಯರನ್ನು ಹುಡುಕಿ ಕೇಳಿದ. ಅವರು ದೇರಾದ ಒಂದು ಓಣಿ ಹೇಳಿದರು. ಸಂಜೆ ಹೋದೆವು. ಆ ಹಳೆಯ ಕಟ್ಟಡ ಇರಲಿಲ್ಲ, ಅಲ್ಲಿ ಬೇರೆ ಕಟ್ಟಡ ಎದ್ದಿತ್ತು. ಓಣಿ ಮಾತ್ರ ಇತ್ತು. ಓಣಿ ದಾಟಿದರೆ ಖಾರಿ, ಅಂದರೆ ಊರೊಳಗೆ ಬಂದ ಕಡಲಿನ ಕೈ. ದಡದಲ್ಲಿ ಮರದ ಹಡಗುಗಳು ಸಾಲಾಗಿ ನಿಂತು ಸಾಮಾನು ಹೇರಿಕೊಳ್ಳುತ್ತಿದ್ದವು. ಅಮ್ಮ ನಿಂತು ನೋಡಿದರು. "ನಮ್ಮ ಬಂದರಿನ ಧಕ್ಕೆಯ ಹಾಗೇ ಉಂಟಲ್ಲ! ಮಂಜಿ ಕೂಡ ಉಂಟು. ಇದನ್ನು ಅವರು ಒಂದು ಕಾಗದದಲ್ಲೂ ಬರೀಲಿಲ್ಲ ನೋಡು" ಎಂದರು. ಒಂದು ದಿರ್ಹಮ್ ಕೊಟ್ಟು ಸಣ್ಣ ದೋಣಿಯಲ್ಲಿ ಆಚೆ ದಡಕ್ಕೆ ಹೋದೆವು. ಅಮ್ಮ ಮತ್ತೆ ಈಚೆಗೆ ಬರುವಾ ಅಂದರು, ಬಂದೆವು. ಮತ್ತೊಮ್ಮೆ ಅಂದರು. ಹೀಗೆ ನಾಲ್ಕು ಸಲ. ಆ ರಾತ್ರಿ ಅಮ್ಮ ಎರಡು ಸಲ ಅನ್ನ ಬಡಿಸಿಕೊಂಡರು.

ಮರುದಿನ ಸೇಂಟ್ ಮೇರೀಸ್ ಇಗರ್ಜಿಗೆ ಹೋದೆವು. ಅಪ್ಪನ ಕಾಲದಲ್ಲಿ ಅಲ್ಲಿ ವಾರದ ರಜೆ ಶುಕ್ರವಾರ. ಆದ್ದರಿಂದ ಭಾನುವಾರದ ಪೂಜೆಗೆ ಹೋಗುವ ಹಾಗೆ ಜನ ಶುಕ್ರವಾರವೇ ಹೋಗುತ್ತಿದ್ದರು. ಅಲ್ಲಿನ ಸರಕಾರ ವಾರದ ರಜೆಯನ್ನು ಶನಿವಾರ, ಭಾನುವಾರಕ್ಕೆ ಬದಲಾಯಿಸಿದ್ದು 2022ರಲ್ಲಿ. ಅಮ್ಮ ಅಲ್ಲಿ ಒಂದು ಬೆಂಚಿನಲ್ಲಿ ತುಂಬಾ ಹೊತ್ತು ಕುಳಿತರು. ಉಳಿದ ದಿನ ಎಲ್ಲೂ ಹೋಗಲಿಲ್ಲ. ತಮ್ಮನ ಮಕ್ಕಳಿಗೆ ಅಪ್ಪನ ಕಥೆ ಹೇಳಿದರು. ನಮಗೂ ಗೊತ್ತಿಲ್ಲದ ಕಥೆಗಳು. ಸಾವಿನ ನಂತರ ಅಮ್ಮ ಅಷ್ಟು ಮಾತಾಡಿದ್ದು ಅದೇ ಮೊದಲು.

ಅಮ್ಮನಿಗೆ ಈಗ ಎಂಬತ್ತು ದಾಟಿದೆ. ಬುರ್ಜ್ ಖಲೀಫಾ ನೆನಪಿಲ್ಲ ಅನ್ನುತ್ತಾರೆ. ದೋಣಿ ನೆನಪುಂಟು.

ಮೊದಲು ಕೇಳಿ, ಆಮೇಲೆ ಟಿಕೆಟ್

ಆದ್ದರಿಂದ ಸಹೋದರಿಯರೇ, ಮೊದಲ ಕೆಲಸ ಕೇಳುವುದು. ಗಂಡ ಹೋದ ಮೇಲೆ ನಮ್ಮ ಅಮ್ಮಂದಿರಿಗೆ "ನಿನಗೆ ಎಂತ ಬೇಕು" ಎಂದು ಕೇಳುವವರು ಕಡಿಮೆ. ಅವರೂ "ನೀವು ಹೇಳಿದ ಹಾಗೆ" ಎನ್ನುತ್ತಾರೆ. ಅದನ್ನು ಒಪ್ಪಿಗೆ ಎಂದು ತಿಳಿಯಬೇಡಿ. ಅಡುಗೆ ಮನೆಯಲ್ಲಿ ಇಬ್ಬರೇ ಇರುವಾಗ, ತರಕಾರಿ ಹೆಚ್ಚುವಾಗ ಕೇಳಿ. ಒಂದು ಸಲ ಅಲ್ಲ, ಮೂರು ಸಲ ಕೇಳಿ. ಹೋಗಲು ಭಯವಾ? ಯಾವುದರ ಭಯ? ಅಲ್ಲಿ ಎಂತ ನೋಡಬೇಕು? ಎಷ್ಟು ದಿನ ಸಾಕು?

ಭಯಗಳಲ್ಲಿ ಕೆಲವು ನಿಜವಾದ ಭಯ. ವಿಮಾನದ ಭಯ ಉಂಟು. 2010ರ ಮೇ 22ರಂದು ದುಬಾಯಿಯಿಂದ ಬಂದ ವಿಮಾನ ಬಜ್ಪೆಯಲ್ಲಿ ದುರಂತಕ್ಕೀಡಾಗಿ 158 ಜನ ಸತ್ತದ್ದನ್ನು ನಮ್ಮ ಕಡೆಯವರು ಮರೆತಿಲ್ಲ. "ಸುಮ್ಮನಿರು, ಎಂತ ಆಗುವುದಿಲ್ಲ" ಎಂದು ಬಾಯಿ ಮುಚ್ಚಿಸಬೇಡಿ. ಕೈ ಹಿಡಿದು ಪಕ್ಕದಲ್ಲಿ ಕೂರುತ್ತೇನೆ ಎಂದು ಹೇಳಿ, ಹಾಗೇ ಕೂರಿ.

ಇನ್ನೊಂದು ಜನರ ಬಾಯಿಯ ಭಯ. "ಗಂಡ ಸತ್ತು ವರ್ಷ ಆಗಲಿಲ್ಲ, ಆಗಲೇ ವಿಮಾನ ಹತ್ತಿದಳು" ಎನ್ನುವವರು ಎಲ್ಲ ಜಾತಿಯಲ್ಲೂ ಇದ್ದಾರೆ. ಹೆಂಡತಿ ಸತ್ತ ಗಂಡಸು ಮಗನ ಮನೆಗೆ ಹೋದರೆ "ಪಾಪ, ಮನಸ್ಸಿಗೆ ಸಮಾಧಾನ ಆಗಲಿ" ಎನ್ನುವ ಬಾಯಿಯೇ ಇದು. ಈ ಮಾತನ್ನು ನಿಲ್ಲಿಸಲು ಸರಕಾರದ ಯಾವ ಯೋಜನೆಯೂ ಇಲ್ಲ. ನಿಲ್ಲಿಸಬೇಕಾದವರು ನಾವು. ನಮ್ಮ ಸಂಘದ ಸಭೆಯಲ್ಲಿ, ಬಾವಿಕಟ್ಟೆಯಲ್ಲಿ, ಬಸ್ಸಿನಲ್ಲಿ ಅಂಥ ಮಾತು ಬಂದಾಗ ಒಬ್ಬರಾದರೂ "ಹೋಗಿ ಬರಲಿ ಬಿಡಿ, ಒಳ್ಳೇದಾಯಿತು" ಎಂದು ಹೇಳಿದರೆ ಸಾಕು. ಆದರೆ ವರ್ಷದ ಕಾರ್ಯ ಆಗುವವರೆಗೆ ಎಲ್ಲೂ ಹೋಗುವುದಿಲ್ಲ ಎಂದು ಅಮ್ಮನೇ ಮನಸ್ಸು ಮಾಡಿದ್ದರೆ ಅದನ್ನೂ ಗೌರವಿಸಿ. ವಿಮಾನ ಮುಂದಿನ ವರ್ಷವೂ ಇರುತ್ತದೆ.

ಅಪ್ಪ ಉಳಿದಿರುವ ಮನೆಗಳೂ ಉಂಟು. ಹೆಂಡತಿ ಹೋದ ಗಂಡಸರು ಅಳುವುದಿಲ್ಲ, ಸಿಟ್ಟು ಮಾಡುತ್ತಾರೆ. ಅಲ್ಲಿ ಹೋಗಿ ಸುಮ್ಮನೆ ಕೂರಿಸಿದರೆ ಇನ್ನೂ ಸಿಟ್ಟು. ಅವರಿಗೆ ಒಂದು ಕೆಲಸ ಕೊಡಿ. ಮೊಮ್ಮಗುವನ್ನು ಶಾಲೆಯ ಬಸ್ಸಿಗೆ ಬಿಡುವುದೋ, ಅಂಗಡಿಯಿಂದ ಹಾಲು ತರುವುದೋ.

ಕಾಗದ ಪತ್ರಗಳು

ಈಗ ಪೆನ್ನು ಹಿಡಿದವರು ಬರೆದುಕೊಳ್ಳಿ.

ಅರುವತ್ತು ವರ್ಷ ದಾಟಿದವರಿಗೆ ಹೊಸ ಪಾಸ್‌ಪೋರ್ಟಿನ ಶುಲ್ಕದಲ್ಲಿ ನೂರಕ್ಕೆ ಹತ್ತು ರಿಯಾಯಿತಿ ಉಂಟು. 2017ರಲ್ಲಿ ಬಂದ ಸೌಲಭ್ಯ. ಮದುವೆಯ ಪ್ರಮಾಣಪತ್ರ ಬೇಕೆಂಬ ನಿಯಮವನ್ನು 2016ರ ಡಿಸೆಂಬರ್‌ನಲ್ಲೇ ತೆಗೆದಿದ್ದಾರೆ. ಆದ್ದರಿಂದ "ಗಂಡ ಇಲ್ಲ, ಮದುವೆಯ ಸರ್ಟಿಫಿಕೇಟೂ ಇಲ್ಲ, ಪಾಸ್‌ಪೋರ್ಟ್ ಸಿಗುವುದಿಲ್ಲ" ಎಂದು ಯಾವ ದಲ್ಲಾಳಿ ಹೇಳಿದರೂ ನಂಬಬೇಡಿ. ಗಂಡನ ಹೆಸರಿರುವ ಹಳೆಯ ಪಾಸ್‌ಪೋರ್ಟ್ ಗಂಡ ತೀರಿಕೊಂಡರೆಂದು ರದ್ದಾಗುವುದಿಲ್ಲ. ಆದರೆ ಹೋಗುವ ದಿನದಿಂದ ಕಡಿಮೆಯೆಂದರೆ ಆರು ತಿಂಗಳ ಅವಧಿ ಉಳಿದಿರಬೇಕು.

ಹತ್ತನೇ ತರಗತಿ ಪಾಸಾಗದವರು ಗಲ್ಫಿಗೆ ಕೆಲಸಕ್ಕೆ ಹೋಗುವಾಗ ಎಮಿಗ್ರೇಶನ್ ಅನುಮತಿ ಬೇಕು. 50 ವರ್ಷ ದಾಟಿದವರಿಗೆ ಆ ನಿಯಮ ಇಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಮ್ಮನೂ ಧೈರ್ಯವಾಗಿ ಹೋಗಬಹುದು.

ತೊಂದರೆ ಆಗುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಒಂದು, ರೇಶನ್ ಕಾರ್ಡಿನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು. ನಮ್ಮ ಅಮ್ಮನ ಹೆಸರಿನ ಸ್ಪೆಲ್ಲಿಂಗ್ ಎರಡು ಕಡೆ ಎರಡು ರೀತಿ ಇದ್ದು, ಪಾಸ್‌ಪೋರ್ಟ್ ಕಚೇರಿಗೆ ಎರಡು ಸಲ ಅಲೆದೆವು. ತಪ್ಪು ನಮ್ಮದೇ, ಮೊದಲೇ ನೋಡಿರಲಿಲ್ಲ. ಇನ್ನೊಂದು ಮುಖ್ಯ ವಿಷಯ: ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ಒಂದೇ ಹೆಸರು, ಮುಂದೆ ಹಿಂದೆ ಏನೂ ಇಲ್ಲ. ಪಾಸ್‌ಪೋರ್ಟಿನಲ್ಲಿ ಹಾಗೆ ಒಂದೇ ಹೆಸರಿದ್ದರೆ ವಿಸಿಟ್ ವೀಸಾದಲ್ಲಿ ಬಿಡುವುದಿಲ್ಲ ಎಂದು ಯು.ಎ.ಇ. ದೇಶ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆಗುತ್ತದೆ ಎಂದು ಆಮೇಲೆ ತಿಳಿಸಿತು. ಟಿಕೆಟ್ ಮಾಡುವ ಮೊದಲು ಇದನ್ನು ನೋಡಿಕೊಳ್ಳಿ. ಹೊಸ ಪಾಸ್‌ಪೋರ್ಟ್ ಮಾಡಿಸುವವರು ಹೆಸರು ಮತ್ತು ಮನೆತನದ ಹೆಸರು ಎರಡೂ ಜಾಗ ತುಂಬಿಸಿ.

ಗಂಡನ ಮರಣ ಪ್ರಮಾಣಪತ್ರದ ನಾಲ್ಕೈದು ಪ್ರತಿ ಮನೆಯಲ್ಲಿರಲಿ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ವರ್ಷ ದಾಟಿದರೆ ಅಧಿಕಾರಿಯ ಆದೇಶ ತರುವ ಕೆಲಸ. ಮಗ ಯು.ಎ.ಇ.ಯಲ್ಲಿ ತಾಯಿಯನ್ನು ತನ್ನ ವೀಸಾದಲ್ಲಿ ಇಟ್ಟುಕೊಳ್ಳಲು ಅರ್ಜಿ ಹಾಕಿದರೆ, ತಂದೆ ಎಲ್ಲಿ ಎಂದು ಕೇಳುತ್ತಾರೆ. ತಂದೆ ಇಲ್ಲ ಎಂಬುದಕ್ಕೆ ಈ ಪತ್ರವೇ ಸಾಕ್ಷಿ.

ಪ್ರಯಾಣದ ವಿಮೆ ಬಿಡಬೇಡಿ. ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ ಇದ್ದರೆ ಮುಚ್ಚಿಡದೆ ಬರೆಸಿ. ಮುಚ್ಚಿಟ್ಟರೆ ಬೇಕಾದಾಗ ಹಣ ಸಿಗುವುದಿಲ್ಲ. ಪರದೇಶದ ಆಸ್ಪತ್ರೆಯ ಒಂದು ರಾತ್ರಿಯ ಬಿಲ್ಲು ಮಗನ ಒಂದು ತಿಂಗಳ ಸಂಬಳ ನುಂಗಬಹುದು.

ಪೆಟ್ಟಿಗೆಯಲ್ಲಿ ಎಂತ ಇದೆ?

ಹೋಗುವ ಹಿಂದಿನ ರಾತ್ರಿ ತಮ್ಮ ಫೋನ್ ಮಾಡಿ, "ಅಮ್ಮ ಕೋಳಿ ಮಸಾಲೆಗೆ ಗಸಗಸೆ ಹಾಕಿದ್ದಾರಾ?" ಎಂದು ಕೇಳಿದ. ಹಾಕಿದ್ದರು! ಎರಡು ಕಿಲೋ ಮಸಾಲೆ ಪುಡಿಯನ್ನು ಮನೆಯಲ್ಲೇ ಬಿಟ್ಟೆವು. ನಾವು ಪಾಯಸಕ್ಕೆ ಹಾಕುವ ಗಸಗಸೆ ಅಫೀಮಿನ ಗಿಡದ ಬೀಜ. ಯು.ಎ.ಇ., ಸೌದಿ, ಕತಾರ್, ಸಿಂಗಪುರದಲ್ಲಿ ಅದಕ್ಕೆ ನಿಷೇಧ. ತಿಳಿಯದೆ ಒಯ್ದು ಜೈಲು ಕಂಡವರಿದ್ದಾರೆ. ವೀಳ್ಯದೆಲೆಯನ್ನೂ ದುಬಾಯಿಯಲ್ಲಿ ಬಿಡುವುದಿಲ್ಲ. ಎಲೆ ಅಡಿಕೆ ಹಾಕುವ ಅಮ್ಮಂದಿರಿಗೆ ಇದು ಮೊದಲೇ ತಿಳಿಸಿ. ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಬಿಸಿಗೆ ಬೆಂಕಿ ಹಿಡಿಯುವ ಅಪಾಯ ಉಂಟು. ಆದ್ದರಿಂದ ಅದನ್ನು ವಿಮಾನದ ಸಾಮಾನಿನಲ್ಲಿ ತಡೆಯುತ್ತಾರೆ. ಉಪ್ಪಿನಕಾಯಿ, ಎಣ್ಣೆ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಯಲ್ಲಿ ಗಟ್ಟಿಯಾಗಿ ಕಟ್ಟಿ ಇಡಿ.

ಮದ್ದಿನ ಬಗ್ಗೆ ಎಚ್ಚರ. ಗಂಡ ಹೋದ ಮೇಲೆ ನಿದ್ದೆ ಬಾರದೆ ಎಷ್ಟೋ ತಾಯಂದಿರು ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಲ್‌ಪ್ರಜೋಲಂ, ಡಯಾಜೆಪಾಂ ಇಂಥವು, ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಯು.ಎ.ಇ.ಯಲ್ಲಿ ನಿಯಂತ್ರಣದಲ್ಲಿರುವ ಮದ್ದುಗಳು. ಮೊದಲೇ ಅಲ್ಲಿನ ಸರಕಾರದ ಅನುಮತಿ ಪಡೆಯಬೇಕು. ಡಾಕ್ಟರಲ್ಲಿ ಕೇಳಿ, ಸಾಧ್ಯವಾದರೆ ಬೇರೆ ಮಾತ್ರೆ ಬರೆಸಿಕೊಳ್ಳಿ. ಪ್ರತಿಯೊಂದು ಮದ್ದಿಗೂ ಚೀಟಿ ಜೊತೆಗಿರಲಿ. ದಿನದ ಮದ್ದು, ಇನ್ಸುಲಿನ್ ಕೈಚೀಲದಲ್ಲೇ ಇರಲಿ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ: ಇನ್ನೊಬ್ಬರ ಪೊಟ್ಟಣ ತೆಗೆದುಕೊಳ್ಳಬೇಡಿ. "ಅಮ್ಮ ಹೇಗೂ ಹೋಗ್ತಾರಲ್ಲ, ನಮ್ಮ ಹುಡುಗನಿಗೆ ಇಷ್ಟು ಕೊಟ್ಟುಬಿಡಿ" ಎಂದು ನೆರೆಮನೆಯವರು ಬರುತ್ತಾರೆ. ವಯಸ್ಸಾದವರನ್ನು ಕಂಡರೆ ಯಾರೂ ಸಂಶಯ ಪಡುವುದಿಲ್ಲ ಎಂದು ತಿಳಿದೇ ಕೊಡುವವರೂ ಇದ್ದಾರೆ. ಬಿಚ್ಚಿ ನೋಡದ ಪೊಟ್ಟಣ ಬೇಡ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗ ಇಲ್ಲ ಎಂಬ ಗಾದೆ ಇದಕ್ಕೇ ಹೇಳಿದ ಹಾಗಿದೆ.

ವಿಮಾನದ ದಿನ

ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡುವಾಗಲೇ ಹೇಳಿ. ಅಮ್ಮ "ನಾನೇನು ಕುಂಟಿಯಾ?" ಎಂದು ಬೇಸರ ಮಾಡಿಕೊಳ್ಳಬಹುದು. ನಿಲ್ದಾಣದಲ್ಲಿ ನಡೆಯುವ ದೂರ ಎಷ್ಟು ಎಂದು ಬಿಡಿಸಿ ಹೇಳಿದರೆ ಒಪ್ಪುತ್ತಾರೆ. ಮಂಗಳೂರಿನಿಂದ ದುಬಾಯಿಗೆ ಮೂರೂವರೆ ಗಂಟೆಯ ದಾರಿ. ಶೌಚಾಲಯ ಎಲ್ಲುಂಟು, ಬಾಗಿಲು ಹೇಗೆ ತೆರೆಯುವುದು ಎಂದು ಮೊದಲೇ ತೋರಿಸಿ. ಶೌಚಕ್ಕೆ ಹೋಗಬೇಕಾಗುತ್ತದೆಂದು ನೀರೇ ಕುಡಿಯದೆ ಕೂರುವ ತಾಯಂದಿರು ಎಷ್ಟೋ. ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಸಿ, ಕಾಲು ಅಲ್ಲಾಡಿಸಲು ಹೇಳಿ. ತುಂಬಾ ಹೊತ್ತು ಒಂದೇ ಕಡೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ವಯಸ್ಸಾದವರಿಗೆ ಹೆಚ್ಚು.

ಅಮ್ಮನ ಪರ್ಸಿನಲ್ಲಿ ಒಂದು ಚೀಟಿ ಇಡಿ. ಮಗನ ಹೆಸರು, ಫೋನ್ ನಂಬರ್, ಮನೆಯ ವಿಳಾಸ, ಅಮ್ಮನ ಕಾಯಿಲೆ, ಮದ್ದು. ಸ್ವಲ್ಪ ಅಲ್ಲಿನ ದುಡ್ಡನ್ನೂ ಅಮ್ಮನ ಕೈಯಲ್ಲೇ ಕೊಡಿ. ಮೊಮ್ಮಗುವಿಗೆ ಒಂದು ಚಾಕೊಲೇಟ್ ತೆಗೆದುಕೊಡಲು ಮಗನ ಮುಂದೆ ಕೈ ಚಾಚುವ ಹಾಗೆ ಮಾಡಬೇಡಿ.

ಬಾಣಂತನಕ್ಕೆ ಕರೆದಾಗ

ನಮ್ಮ ಒಂದು ಸಂಘದ ಸದಸ್ಯೆಯ ವಿಷಯ ಹೇಳುತ್ತೇವೆ. ಹೆಸರು ಬೇಡ. ಗಂಡ ತೀರಿಕೊಂಡ ವರ್ಷವೇ ಮಗಳ ಹೆರಿಗೆಗೆ ಗಲ್ಫಿಗೆ ಹೋದರು. ಎರಡು ತಿಂಗಳು ಅಂದದ್ದು ಆರು ತಿಂಗಳಾಯಿತು. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದರವರೆಗೆ ಅಡುಗೆ, ಬಟ್ಟೆ, ಮಗು. ಮಗಳು ಅಳಿಯ ಕೆಲಸಕ್ಕೆ ಹೋದರೆ ಬಾಗಿಲು ಹಾಕಿದ ಫ್ಲಾಟಿನಲ್ಲಿ ಒಬ್ಬರೇ. ಹೊರಗೆ ಭಾಷೆ ಬಾರದು, ಲಿಫ್ಟ್ ಹತ್ತಲು ಭಯ. ಹೊರಡುವ ದಿನ ಎರಡು ಸಲ ಮುಂದೆ ಹೋಯಿತು. ಊರಿನಲ್ಲಿ ಸಂಘದ ಉಳಿತಾಯ ನಿಂತಿತು, ಸಾಲದ ಕಂತು ತಪ್ಪಿತು. ತಿರುಗಿ ಬಂದಾಗ ಹತ್ತು ವರ್ಷ ಹೆಚ್ಚಾದ ಹಾಗೆ ಕಾಣುತ್ತಿದ್ದರು. "ಮಗಳು ಕೆಟ್ಟವಳಲ್ಲ ಸಿಸ್ಟರ್, ಅವಳಿಗೆ ಹೊಳೆಯಲೇ ಇಲ್ಲ" ಎಂದರು. ಅದು ನಿಜ. ಮಗಳು ಕೆಟ್ಟವಳಲ್ಲ. ಅಳಲು ಅಮ್ಮನಿಗೆ ಒಂದು ಗಂಟೆ ಬಿಡುವೂ ಸಿಗಲಿಲ್ಲ ಎಂಬುದು ಅವಳಿಗೆ ಕಾಣಲಿಲ್ಲ.

ಅಜ್ಜಿ ಮೊಮ್ಮಗುವನ್ನು ಎತ್ತುವುದು ಸಂತೋಷದ ಕೆಲಸವೇ. ಆದರೆ ಮೊದಲೇ ಮಾತಾಗಲಿ. ಎಷ್ಟು ದಿನ, ಯಾವ ಕೆಲಸ ಅಮ್ಮನದು, ಯಾವುದು ಅಲ್ಲ, ವಾರದಲ್ಲಿ ಯಾವ ದಿನ ಅಮ್ಮನಿಗೆ ರಜೆ. ಹಿಂತಿರುಗುವ ಟಿಕೆಟ್ ಹೋಗುವಾಗಲೇ ಆಗಿರಲಿ. ವೀಸಾದ ದಿನ ಮೀರಿದರೆ ದಿನಕ್ಕಿಷ್ಟು ಎಂದು ದಂಡ ಏರುತ್ತದೆ. ಪಾಸ್‌ಪೋರ್ಟ್ ಅಮ್ಮನ ಬಳಿಯೇ ಇರಲಿ. ತೀರಾ ಕಷ್ಟ ಬಂದರೆ ಭಾರತೀಯ ದೂತಾವಾಸಕ್ಕೆ ದೂರು ಕೊಡಲು "ಮದದ್" ಎಂಬ ಆನ್‌ಲೈನ್ ವ್ಯವಸ್ಥೆಯನ್ನು ನಮ್ಮ ಸರಕಾರ 2015ರಲ್ಲಿ ಶುರು ಮಾಡಿದೆ.

ಸಹಿ ಹಾಕುವ ಮೊದಲು

ಹೊರಡುವ ಗಡಿಬಿಡಿಯಲ್ಲಿ ಕೆಲವರು ಅಮ್ಮನಿಂದ ಸಹಿ ಹಾಕಿಸುತ್ತಾರೆ. "ನೀನು ಹೇಗೂ ಇಲ್ಲಿರುವುದಿಲ್ಲ, ಮನೆ ನಮ್ಮ ಹೆಸರಿಗೆ ಮಾಡು" ಎಂದು. ನೆನಪಿಡಿ. ಗಂಡ ಉಯಿಲು ಬರೆಯದೆ ತೀರಿಕೊಂಡು, ಮಕ್ಕಳಿದ್ದರೆ, ಅವನ ಸ್ವಂತ ಆಸ್ತಿಯಲ್ಲಿ ಹಿಂದೂ ಹೆಂಡತಿಗೆ ಒಬ್ಬ ಮಗನಿಗೆ ಬರುವಷ್ಟೇ ಪಾಲು. ಕ್ರೈಸ್ತ ಹೆಂಡತಿಗೆ ಮೂರರಲ್ಲಿ ಒಂದು ಪಾಲು. ಮುಸ್ಲಿಂ ಹೆಂಡತಿಗೆ ಎಂಟರಲ್ಲಿ ಒಂದು ಪಾಲು. ಇದು ಯಾರೂ ಕೊಡುವ ದಾನ ಅಲ್ಲ. ಅವಸರದಲ್ಲಿ ಸಹಿ ಬೇಡ. ದಾನಪತ್ರ ಮಾಡುವುದೇ ಆದರೆ "ಕೊನೆಯವರೆಗೆ ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಬರೆಸಿ. ನೋಡಿಕೊಳ್ಳದಿದ್ದರೆ ಅದನ್ನು ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ದಾರಿ ಉಂಟು, ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕು. ಸಲಹೆಗೆ ಹಿರಿಯರ ಸಹಾಯವಾಣಿ 14567.

ಸರಕಾರಿ ನೌಕರಿಯಲ್ಲಿದ್ದ ಗಂಡನ ಕುಟುಂಬ ಪಿಂಚಣಿ ಬರುವವರು ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು. ಆ ತಿಂಗಳು ಪರದೇಶದಲ್ಲಿದ್ದರೆ ದೂತಾವಾಸದಿಂದ ಸಹಿ ಮಾಡಿಸಿ ಕಳುಹಿಸಬಹುದು. ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಿ. ಎ.ಟಿ.ಎಂ. ಕಾರ್ಡು, ಪಿನ್ ನಂಬರ್ ಯಾರಿಗೂ ಬಿಟ್ಟು ಹೋಗಬೇಡಿ.

ಸಂಘ ಎಂತ ಮಾಡಬಹುದು?

ಆ ಸದಸ್ಯೆಯ ಅನುಭವದ ನಂತರ ಅವರ ಸಂಘದವರು ಕುಳಿತು ಕೆಲವು ತೀರ್ಮಾನ ಬರೆದರು. ನೀವೂ ನಿಮ್ಮ ನಡಾವಳಿ ಪುಸ್ತಕದಲ್ಲಿ ಬರೆಯಬಹುದು.

1. ಪರದೇಶಕ್ಕೆ ಹೋಗುವ ಸದಸ್ಯೆ ಹೋಗುವ ದಿನ, ಬರುವ ದಿನವನ್ನು ಸಭೆಯಲ್ಲಿ ಹೇಳುವುದು.
2. ಪಾಸ್‌ಪೋರ್ಟ್, ವೀಸಾ, ಟಿಕೆಟಿನ ಒಂದೊಂದು ಪ್ರತಿಯನ್ನು ನಂಬಿಕೆಯ ಒಬ್ಬ ಸದಸ್ಯೆಯ ಬಳಿ ಇಡುವುದು.
3. ಉಳಿತಾಯ ಮತ್ತು ಸಾಲದ ಕಂತನ್ನು ಮುಂಗಡ ಕಟ್ಟುವುದು ಅಥವಾ ಯಾರು ಕಟ್ಟುತ್ತಾರೆಂದು ನಿಶ್ಚಯಿಸುವುದು.
4. ವಾರಕ್ಕೊಮ್ಮೆ ಸಭೆಯ ಸಮಯದಲ್ಲಿ ಅವರಿಗೆ ಫೋನ್ ಮಾಡಿ ಎಲ್ಲರೂ ಎರಡೆರಡು ಮಾತಾಡುವುದು.
5. ತಿರುಗಿ ಬಂದ ಮೇಲೆ ಒಂದು ಸಭೆಯಲ್ಲಿ ಅವರಿಂದ ಅನುಭವ ಕೇಳುವುದು.

ನಾಲ್ಕನೆಯದು ಸಣ್ಣದು ಎಂದು ಕಾಣಬಹುದು. ಆದರೆ ಬಾಗಿಲು ಹಾಕಿದ ಫ್ಲಾಟಿನಲ್ಲಿ ಕುಳಿತ ತಾಯಿಗೆ ಹತ್ತು ಹೆಂಗಸರ ಸ್ವರ ಒಟ್ಟಿಗೆ ಕೇಳಿದರೆ ಅದು ಎಷ್ಟು ಬಲ ಎಂದು ಅವರನ್ನೇ ಕೇಳಬೇಕು.

ಕೊನೆಯ ಮಾತು

ಆ ಪ್ರಶ್ನೆ ಕೇಳಿದ ಸಹೋದರಿ ಇವತ್ತು ಇಲ್ಲೇ ಕುಳಿತಿದ್ದಾರೆ. ಅವರು ಮನೆಗೆ ಹೋಗಿ ಅಮ್ಮನನ್ನು ಕೇಳಿದರಂತೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಅಮ್ಮ, "ಹೋಗುವಾ. ಆದರೆ ಅಪ್ಪನ ವರ್ಷದ ಕಾರ್ಯಕ್ಕೆ ನಾನು ಇಲ್ಲಿರಬೇಕು. ಅದರ ಮೊದಲು ಇಪ್ಪತ್ತು ದಿನ ಸಾಕು" ಎಂದರಂತೆ. ನೋಡಿ, ಹೌದೂ ಬಂತು, ದಿನದ ಲೆಕ್ಕವೂ ಬಂತು. ಎಲ್ಲ ಅಮ್ಮನ ಮನಸ್ಸಿನಲ್ಲೇ ಇತ್ತು.

ಮನೆಗೆ ಹೋಗಿ ನೀವೂ ಕೇಳಿ. ಪರದೇಶಕ್ಕೆ ಹೋಗುವ ಯೋಗ ಎಲ್ಲರಿಗೂ ಬರುವುದಿಲ್ಲ. ಆದರೆ ಗಂಡ ಹೋದ ಮೇಲೆ ಒಮ್ಮೆ ನೋಡಬೇಕು ಎಂದು ಅಮ್ಮ ಮನಸ್ಸಿನಲ್ಲಿ ಇಟ್ಟುಕೊಂಡ ಊರು ಒಂದು ಇರಬಹುದು. ಅದು ದುಬಾಯಿ ಆಗಿರಬಹುದು, ಅವರು ಒಟ್ಟಿಗೆ ಬಾಡಿಗೆ ಮನೆ ಮಾಡಿದ್ದ ಪಕ್ಕದ ಪೇಟೆಯೂ ಆಗಿರಬಹುದು.

ಸಂಘದ ಸಭೆಯಲ್ಲಿ ಚರ್ಚೆಗೆ:

1. ನಮ್ಮ ಸಂಘದಲ್ಲಿ ಗಂಡನನ್ನು ಕಳೆದುಕೊಂಡ ಸದಸ್ಯೆಯರು ಎಷ್ಟು ಜನ? ಕಳೆದ ವರ್ಷ ಅವರು ಮನೆಯಿಂದ ಹೊರಗೆ, ತಮಗೆ ಇಷ್ಟವಾದ ಜಾಗಕ್ಕೆ ಹೋದದ್ದು ಎಷ್ಟು ಸಲ?
2. ನಮ್ಮ ಆಧಾರ್, ರೇಶನ್ ಕಾರ್ಡ್, ಬ್ಯಾಂಕ್ ಪುಸ್ತಕದಲ್ಲಿ ಹೆಸರು ಒಂದೇ ರೀತಿ ಇದೆಯೇ? ಮುಂದಿನ ಸ‌ಭೆಗೆ ಎಲ್ಲರೂ ತಂದು ಹೋಲಿಸಿ ನೋಡೋಣ.
3. "ಗಂಡ ಹೋದವಳಿಗೆ ಇದೆಲ್ಲ ಬೇಕಾ?" ಎಂಬ ಮಾತನ್ನು ನಾವು ಕೊನೆಯದಾಗಿ ಕೇಳಿದ್ದು ಯಾವಾಗ? ಆಗ ನಾವು ಎಂತ ಹೇಳಿದೆವು?